ನಿಮಗಿದು ಗೊತ್ತೆ? ದವನದ ದಾಯಾದಿ, ಮಲೇರಿಯಾಗೆ ಮದ್ದು

ವಿಯೆಟ್ನಾಂ ಯುದ್ಧದಲ್ಲಿ ಸೈನಿಕರು ಮಲೇರಿಯಾದಿಂದ ತತ್ತರಿಸುತ್ತಿದ್ದಾಗ, 1967ರ ಮೇ 23ರಂದು ಚೀನಾ ಗುಟ್ಟಾಗಿ ಮದ್ದಿನ ಹುಡುಕಾಟಕ್ಕಿಳಿಯಿತು. ದಿನಾಂಕವೇ ಹೆಸರಾಯಿತು: ‘ಯೋಜನೆ 523’. ಬೀಜಿಂಗಿನ ವಿಜ್ಞಾನಿ ತೂ ಯೂಯೂ ಅವರ ತಂಡ ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿ ‘ಚಿಂಗ್‌ಹಾವ್’ ಎಂಬ ಗಿಡಕ್ಕೆ ಬಂದು ನಿಂತಿತು. ಹೂಮಾಲೆಗೆ ಘಮ ಕೊಡುವ ನಮ್ಮ ದವನದ ಕುಲದ್ದೇ ಗಿಡ. ಆದರೆ ಅದರ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಕೈಕೊಡುತ್ತಿತ್ತು.

ಸುಳಿವು ಸಿಕ್ಕಿದ್ದು 4ನೇ ಶತಮಾನದ ಗೆ ಹೋಂಗ್ ಬರೆದ ಕೈಪಿಡಿಯಲ್ಲಿ. ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿದ ರಸ ಕುಡಿಯಬೇಕಂತೆ. ಕುದಿಸುವ ಮಾತೇ ಇಲ್ಲ! ಬಿಸಿಯೇ ಮದ್ದನ್ನು ಕೆಡಿಸುತ್ತಿರಬೇಕೆಂದು ತೂ ಅವರಿಗೆ ಹೊಳೆಯಿತು. 35 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೇ ಮಾದರಿ ಇಲಿಗಳಲ್ಲಿದ್ದ ರೋಗಾಣುವನ್ನು ಪೂರ್ತಿ ಅಳಿಸಿತು. ಮನುಷ್ಯರ ಸರದಿ ಬಂದಾಗ ತೂ ಮತ್ತು ಸಹೋದ್ಯೋಗಿಗಳು ಮೊದಲು ತಾವೇ ಸೇವಿಸಿ ನೋಡಿದರು. ಆ ಸಾರದಲ್ಲಿದ್ದ ಮದ್ದೇ ಇಂದಿನ ಆರ್ಟಿಮಿಸಿನಿನ್. ಡಾಕ್ಟರೇಟ್ ಇಲ್ಲದ ತೂ ಅವರಿಗೆ 2015ರಲ್ಲಿ ನೊಬೆಲ್ ಬಂತು.

ಹಾಗೆಂದು ಈ ಸೊಪ್ಪಿನ ಚಹಾ ಕಾಯಿಸಿ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಗುಣವಾಗಲು ಬೇಕಾದಷ್ಟು ಮದ್ದು ಹಲವು ಬಾರಿ ಅದರಲ್ಲಿ ಇರುವುದಿಲ್ಲ.