ಮೊದಲ ಆಟ ಪಾಂಗ್ ಆಗಿರಲಿ

ಗೇಮ್ ಮಾಡಲು ಕಲಿಯಬೇಕೆಂದು ಹೊರಟವರ ತಲೆಯಲ್ಲಿ ಸಾಮಾನ್ಯವಾಗಿ ಒಂದು ಇಡೀ ಲೋಕವೇ ಇರುತ್ತದೆ. ರಾಜ, ರಾಕ್ಷಸ, ಹತ್ತಾರು ಊರು, ನೂರು ಬಗೆಯ ಆಯುಧ, ಸ್ನೇಹಿತರೆಲ್ಲ ಒಟ್ಟಿಗೆ ಆಡಲು ಆನ್‌ಲೈನ್ ಸೌಲಭ್ಯ. ಕಥೆ ಬರೆದಾಗುತ್ತದೆ, ನಾಯಕನ ಚಿತ್ರವೂ ಸಿದ್ಧವಾಗುತ್ತದೆ. ಆ ನಾಯಕ ಪರದೆಯ ಮೇಲೆ ಎಡಕ್ಕೂ ಬಲಕ್ಕೂ ನಾಲ್ಕು ಹೆಜ್ಜೆ ಇಡುವ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಎಲ್ಲಿಂದ ಶುರು ಮಾಡಬೇಕೆಂಬ ಲೆಕ್ಕಾಚಾರವೇ ತಪ್ಪಿರುತ್ತದೆ. ಎರಡು ಆಯಾಮದ, ಅಂದರೆ ಟೂಡಿ ಆಟ ಮಾಡಲು ಕಲಿಯುವವರು ತಮ್ಮದಲ್ಲದ, ಒಂದೇ ಪರದೆಯಲ್ಲಿ ಹಿಡಿಸುವ ಹಳೆಯ ಆಟವೊಂದನ್ನು ಮೊದಲು ಕೊನೆಯವರೆಗೆ ಮಾಡಿ ಮುಗಿಸಬೇಕು ಎಂಬುದು ನನ್ನ ವಾದ. ಅದು ಪಾಂಗ್ ಆದರೆ ಇನ್ನೂ ಒಳ್ಳೆಯದು. ಎರಡು ಬ್ಯಾಟು, ಒಂದು ಚೆಂಡು, ಮೇಲೆ ಎರಡು ಅಂಕೆ, ಅಷ್ಟೇ. ಚಿತ್ರ ಬಿಡಿಸಲು ಬಾರದವರೂ ಆಯತ ಎಳೆಯಬಲ್ಲರು.

ಪಾಂಗ್ ಹುಟ್ಟಿದ್ದೇ ಕಲಿಕೆಯ ಅಭ್ಯಾಸವಾಗಿ. 1972ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಆಗಷ್ಟೇ ಶುರುವಾಗಿದ್ದ ಅಟಾರಿ ಕಂಪನಿಗೆ ಅಲನ್ ಆಲ್ಕಾರ್ನ್ ಎಂಬ ಎಂಜಿನಿಯರ್ ಸೇರಿದರು. ವಿಡಿಯೊ ಗೇಮ್ ಮಾಡಿದ ಅನುಭವ ಅವರಿಗಿರಲಿಲ್ಲ. ಕೈ ಪಳಗಲಿ ಎಂದು ಕಂಪನಿಯ ಸ್ಥಾಪಕರಲ್ಲೊಬ್ಬರಾದ ನೋಲನ್ ಬುಶ್ನೆಲ್ ಅವರಿಗೊಂದು ಟೇಬಲ್ ಟೆನಿಸ್ ಆಟದ ಕೆಲಸ ಕೊಟ್ಟರು. ಇದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಗುತ್ತಿಗೆ ಎಂದು ಒಂದು ಸುಳ್ಳನ್ನೂ ಸೇರಿಸಿ ಹೇಳಿದರು. ಆಟದ ಕಲ್ಪನೆಯಾದರೂ ಹೊಸದೇ? ಅಲ್ಲ. ಮ್ಯಾಗ್ನವಾಕ್ಸ್ ಕಂಪನಿಯ ಒಡಿಸ್ಸಿ ಯಂತ್ರದಲ್ಲಿ ಅಂಥದೇ ಆಟವಿತ್ತು, ಬುಶ್ನೆಲ್ ಅದನ್ನು ನೋಡಿಯೂ ಇದ್ದರು. ಮ್ಯಾಗ್ನವಾಕ್ಸ್ ಕೋರ್ಟಿಗೆ ಹೋದದ್ದರಿಂದ 1976ರಲ್ಲಿ ಅಟಾರಿ ರಾಜಿಗೆ ಬಂದು ಪರವಾನಗಿ ಪಡೆಯಬೇಕಾಯಿತು. ಹಾಗಿದ್ದೂ ಜನ ಮುಗಿಬಿದ್ದದ್ದು ಆಲ್ಕಾರ್ನ್ ಮಾಡಿದ ಆಟಕ್ಕೆ, ಏಕೆಂದರೆ ಅವರು ಅದಕ್ಕೆ ಎರಡು ಸಣ್ಣ ಸಂಗತಿಗಳನ್ನು ಸೇರಿಸಿದ್ದರು. ಬ್ಯಾಟನ್ನು ಎಂಟು ಭಾಗವಾಗಿ ವಿಂಗಡಿಸಿದರು: ನಡುವೆ ತಾಗಿದ ಚೆಂಡು ನೇರ ಹಿಂದಿರುಗುತ್ತದೆ, ಅಂಚಿಗೆ ತಾಗಿದ್ದು ಓರೆಯಾಗಿ ಹಾರುತ್ತದೆ. ಇನ್ನೊಂದು, ಹೊಡೆತಗಳು ಮುಂದುವರಿದಂತೆ ಚೆಂಡಿನ ವೇಗ ಏರುತ್ತದೆ. ಸರ್ಕ್ಯೂಟಿನ ದೋಷವೊಂದರಿಂದ ಬ್ಯಾಟು ಪರದೆಯ ತುತ್ತತುದಿ ಮುಟ್ಟುತ್ತಿರಲಿಲ್ಲ. ಅದನ್ನು ಸರಿಪಡಿಸಿದರೆ ಪಳಗಿದ ಇಬ್ಬರು ಎಡೆಬಿಡದೆ ಆಡುತ್ತಲೇ ಇರುತ್ತಾರೆಂದು ತಿಳಿದು ಆಲ್ಕಾರ್ನ್ ಅದನ್ನು ಹಾಗೆಯೇ ಬಿಟ್ಟರು. ಕಥೆ, ಚಿತ್ರ, ಲೋಕ ಯಾವುದೂ ಇಲ್ಲದ ಕಡೆ ಆಟವೆಂಬುದು ಎಲ್ಲಿ ಅಡಗಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಅದನ್ನೇ ಇವತ್ತು ಲ್ಯಾಪ್‌ಟಾಪಿನಲ್ಲಿ ಮಾಡಹೊರಟರೆ ಏನಾಗುತ್ತದೆ ನೋಡೋಣ. ಯಾವ ಟೂಡಿ ಆಟವೇ ಆಗಲಿ, ಒಳಗೆ ನಡೆಯುವುದು ಒಂದೇ ಸುತ್ತು: ಆಡುವವರು ಯಾವ ಕೀ ಒತ್ತಿದ್ದಾರೆಂದು ನೋಡು, ಎಲ್ಲ ವಸ್ತುಗಳ ಜಾಗ ಲೆಕ್ಕ ಹಾಕು, ಪರದೆ ಅಳಿಸಿ ಮತ್ತೆ ಬರೆ. ಇದು ಸೆಕೆಂಡಿಗೆ ಸಾಮಾನ್ಯವಾಗಿ 60 ಸಲ ನಡೆಯುತ್ತದೆ. ಹೀಗೆ ಒಂದು ಸಲ ಬರೆದ ಪರದೆಯೇ ಒಂದು ಫ್ರೇಮ್. ಚೆಂಡನ್ನು ಪ್ರತಿ ಫ್ರೇಮಿಗೆ 8 ಪಿಕ್ಸೆಲ್ ಸರಿಸು ಎಂದು ಬರೆದರೆ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದೇ ಆಟವನ್ನು ಸೆಕೆಂಡಿಗೆ 120 ಫ್ರೇಮ್ ತೋರಿಸುವ ಪರದೆಯಲ್ಲಿ ಓಡಿಸಿದರೆ ಚೆಂಡು ಎರಡು ಪಟ್ಟು ಜೋರಾಗಿ ಓಡುತ್ತದೆ. ಆಗ ವೇಗವನ್ನು ಸೆಕೆಂಡಿಗೆ 480 ಪಿಕ್ಸೆಲ್ ಎಂದು ಬರೆದು, ಹಿಂದಿನ ಫ್ರೇಮಿನಿಂದ ಎಷ್ಟು ಸಮಯ ಕಳೆಯಿತೋ ಅದರಿಂದ ಗುಣಿಸಬೇಕೆಂಬುದು ತಲೆಗೆ ಹೋಗುತ್ತದೆ. ಮುಂದಿನ ತೊಡಕು ಇನ್ನೂ ಸ್ವಾರಸ್ಯದ್ದು. ಚೆಂಡು ಬ್ಯಾಟಿಗೆ ತಾಗಿದರೆ ದಿಕ್ಕು ತಿರುಗಿಸು ಎಂದು ಎಲ್ಲರೂ ಬರೆಯುತ್ತಾರೆ. ಬ್ಯಾಟನ್ನು ಮೇಲಿಂದ ಸರಕ್ಕನೆ ಚೆಂಡಿನ ಮೇಲೆ ತಂದಾಗ ಚೆಂಡು ಅದರೊಳಗೆ ಸಿಕ್ಕಿ ಗಡಗಡ ನಡುಗುತ್ತದೆ. ಕಾರಣ, ಈ ಫ್ರೇಮಿನಲ್ಲಿ ತಿರುಗಿದ ದಿಕ್ಕು ಮುಂದಿನ ಫ್ರೇಮಿನಲ್ಲಿ, ಚೆಂಡು ಇನ್ನೂ ಒಳಗೇ ಇರುವುದರಿಂದ, ಮತ್ತೆ ತಿರುಗುತ್ತದೆ. ‘ತಿರುಗಿಸು’ ಎನ್ನುವ ಬದಲು ‘ಎಡ ಬ್ಯಾಟಿಗೆ ತಾಗಿದ್ದು ಯಾವಾಗಲೂ ಬಲಕ್ಕೇ ಹೋಗಲಿ’ ಎಂದರೆ ತೀರಿತು. ಇನ್ನು ವೇಗ ಏರಿ ಸೆಕೆಂಡಿಗೆ 1800 ಪಿಕ್ಸೆಲ್ ಮುಟ್ಟಿತೆನ್ನಿ. ಫ್ರೇಮಿಗೆ 30 ಪಿಕ್ಸೆಲ್ ಜಿಗಿತ. ಬ್ಯಾಟಿನ ದಪ್ಪ 12, ಚೆಂಡಿನ ಅಗಲ 8 ಇದ್ದರೆ ಚೆಂಡು ಕೆಲವೊಮ್ಮೆ ಒಂದು ಫ್ರೇಮಿನಲ್ಲಿ ಬ್ಯಾಟಿನ ಮುಂದಿರುತ್ತದೆ, ಮರು ಫ್ರೇಮಿನಲ್ಲಿ ಹಿಂದಿರುತ್ತದೆ. ತಾಗಿದ ಗಳಿಗೆಯೇ ಇಲ್ಲ. ಎಷ್ಟೋ ದೊಡ್ಡ ಆಟಗಳಲ್ಲಿ ಗುಂಡು ಗೋಡೆ ತೂರಿಹೋಗುವುದು ಇದೇ ಕಾರಣಕ್ಕೆ. ಹನ್ನೆರಡು ಊರುಗಳ ಆಟದ ನಡುವೆ ಈ ತೊಂದರೆ ಎದುರಾದರೆ ಹುಡುಕುವುದೆಲ್ಲಿ? ಪಾಂಗ್‌ನಲ್ಲಿ ಅನುಮಾನಿಸಲು ಇರುವುದೇ ಮೂರು ವಸ್ತು.

ಮಾರಿಯೊ ತರಹ ನೆಗೆಯುವ, ಓಡುವ ಆಟ ಮಾಡಬೇಕೆಂದಿರುವವರಿಗೆ ಪಾಂಗ್ ಯಾಕೆ ಎಂದು ಕೇಳಬಹುದು. ನೆಗೆತವೂ ಇದೇ ಲೆಕ್ಕ, ಜೊತೆಗೆ ಗುರುತ್ವ ಅಷ್ಟೇ. ಮೇಲ್ಮುಖ ವೇಗ ಸೆಕೆಂಡಿಗೆ 480 ಪಿಕ್ಸೆಲ್, ಗುರುತ್ವ ಪ್ರತಿ ಸೆಕೆಂಡಿಗೆ ಆ ವೇಗವನ್ನು 1200ರಷ್ಟು ತಗ್ಗಿಸುತ್ತದೆ ಎಂದಾದರೆ, ನಾಯಕ 0.4 ಸೆಕೆಂಡಿನಲ್ಲಿ 96 ಪಿಕ್ಸೆಲ್ ಎತ್ತರ ತಲುಪುತ್ತಾನೆ. 32 ಪಿಕ್ಸೆಲ್ಲಿನ ಇಟ್ಟಿಗೆಗಳಾದರೆ ಸರಿಯಾಗಿ ಮೂರು. ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿಗೆ ಮುಗಿಯಿತು. ಆಟ ಶುರುವಾಗುವುದು ಇದರ ಆಚೆ. 2018ರ ಸೆಲೆಸ್ಟ್ ಎಂಬ ಟೂಡಿ ಆಟದಲ್ಲಿ ನಾಯಕಿ ಬಂಡೆಯ ಅಂಚು ದಾಟಿ ಗಾಳಿಗೆ ಕಾಲಿಟ್ಟ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ನೆಗೆಯಬಹುದು. ಭೌತಶಾಸ್ತ್ರದ ಪ್ರಕಾರ ತಪ್ಪು, ಆಡುವವರ ಕೈಗೆ ಮಾತ್ರ ಸರಿ. ನೆಲ ಮುಟ್ಟುವ ಒಂದು ಕ್ಷಣ ಮುಂಚೆ ಗುಂಡಿ ಒತ್ತಿದರೂ ಆಟ ಅದನ್ನು ನೆನಪಿಟ್ಟು, ನೆಲ ಮುಟ್ಟಿದೊಡನೆ ನೆಗೆಸುತ್ತದೆ. ಅತಿ ಕಷ್ಟದ ಆಟವೆಂದು ಹೆಸರಾದ ಸೆಲೆಸ್ಟ್ ಹೀಗೆ ಗುಟ್ಟಾಗಿ ಆಡುವವರ ಪಕ್ಷ ವಹಿಸುತ್ತದೆ. ಆಲ್ಕಾರ್ನ್ ಬ್ಯಾಟನ್ನು ಎಂಟು ಭಾಗ ಮಾಡಿದ ಜಾಣ್ಮೆಯ ಮುಂದುವರಿಕೆಯಿದು. ಸೆಲೆಸ್ಟ್ ಕೂಡ ಶುರುವಾದದ್ದು ಚಿಕ್ಕದಾಗಿಯೇ. ಅದರ ಮೊದಲ ರೂಪ, ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕೇ ದಿನದಲ್ಲಿ ಮಾಡಿದ್ದು, ಪಿಕೊ-8 ಎಂಬ ಸಾಧನದಲ್ಲಿ: 128 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಪರದೆ, 16 ಬಣ್ಣ.

ನಕಲು ಮಾಡುವುದು ಕಲಿಕೆಯೇ, ಸೃಜನಶೀಲತೆ ಎಲ್ಲಿ ಹೋಯಿತು ಎಂಬ ಆಕ್ಷೇಪ ಬಂದೇ ಬರುತ್ತದೆ. ಸಂಗೀತ ಕಲಿಯಲು ಸರಳೆ ವರಸೆ ಹಾಡುವವರನ್ನು ಯಾರೂ ಕೃತಿಚೌರ್ಯದ ಆರೋಪಕ್ಕೆ ಗುರಿಮಾಡುವುದಿಲ್ಲ. ಆದರೆ ಈ ಆಕ್ಷೇಪಕ್ಕೆ ಕಾನೂನಿನ ಮುಖವೂ ಇದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಟೆಟ್ರಿಸ್ ಅನ್ನು ಅನುಕರಿಸಿ ಆಟ ಮಾರಿದ ಷಿಯೊ ಎಂಬ ಸಂಸ್ಥೆಯ ವಿರುದ್ಧ 2012ರಲ್ಲಿ ಅಮೆರಿಕದ ಕೋರ್ಟು ತೀರ್ಪು ಕೊಟ್ಟಿತು. ಆಟದ ನಿಯಮಗಳಿಗೆ ಕೃತಿಸ್ವಾಮ್ಯವಿಲ್ಲ, ಆದರೆ ಅದು ಕಾಣುವ ರೀತಿಯನ್ನು ಎತ್ತಿಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಮನೆಯಲ್ಲಿ ಕಲಿಯಲು ಮಾಡಿದ್ದು ಮನೆಯಲ್ಲಿರಲಿ. ಮಾರಾಟಕ್ಕಿಡುವ ಆಟದ ಹೆಸರು, ಚಿತ್ರ, ಸಂಗೀತ ಸ್ವಂತದ್ದಿರಲಿ.

ಹೆಚ್ಚು ಗಟ್ಟಿಯಾದ ಆಕ್ಷೇಪ ಇನ್ನೊಂದು: ಪಾಂಗ್ ಮಾಡಿಕೊಡು ಎಂದರೆ ಎಐ ನಿಮಿಷದೊಳಗೆ ಪೂರ್ತಿ ಕೋಡ್ ಕೊಡುವಾಗ ಕೈಯಾರೆ ಬರೆಯುವ ಹಟವೇಕೆ? ಕೊಡುತ್ತದೆ, ನಿಜ, ಬಹಳ ಮಟ್ಟಿಗೆ ಸರಿಯಾಗಿಯೂ ಇರುತ್ತದೆ. ಅರ್ಥವಾಗದ ಸಾಲನ್ನು ವಿವರಿಸು ಎಂದು ಕೇಳಲು ಅದಕ್ಕಿಂತ ತಾಳ್ಮೆಯ ಮೇಷ್ಟರು ಸಿಗಲಾರರು. ಆದರೆ ಚೆಂಡು ಯಾಕೆ ನಡುಗುತ್ತಿದೆ ಎಂದು ಕೇಳುವುದಕ್ಕೂ ನಡುಗುವುದು ಕಣ್ಣಿಗೆ ಬಿದ್ದಿರಬೇಕು, ಯಾವುದು ಬ್ಯಾಟಿನ ತಪ್ಪು ಯಾವುದು ಚೆಂಡಿನದು ಎಂಬ ಅಂದಾಜಾದರೂ ಇರಬೇಕು. 1978ರ ಸ್ಪೇಸ್ ಇನ್ವೇಡರ್ಸ್ ಮಾಡಿದ ಜಪಾನಿನ ತೊಮೊಹಿರೊ ನಿಶಿಕಾದೊ ಒಂದು ವಿಚಿತ್ರ ಗಮನಿಸಿದರು: ಶತ್ರುಗಳು ಸತ್ತಷ್ಟೂ ಉಳಿದವು ಬೇಗಬೇಗ ಚಲಿಸುತ್ತಿದ್ದವು. ಬರೆಯಬೇಕಾದ ಚಿತ್ರಗಳು ಕಡಿಮೆಯಾದಂತೆ ಬಡಪಾಯಿ ಪ್ರೊಸೆಸರ್ ಚುರುಕಾಗುತ್ತಿತ್ತು, ಅಷ್ಟೇ. ಅದನ್ನು ದೋಷವೆಂದು ತಿದ್ದದೆ ಅವರು ಉಳಿಸಿಕೊಂಡರು, ಆಟದ ಬಿಸಿ ಏರಿದ್ದು ಅದರಿಂದಲೇ. ಇಂಥದನ್ನು ಕಾಣುವ ಕಣ್ಣು ಬರುವುದು ಒಂದು ಅಂಕೆ ಬದಲಿಸಿ, ಆಡಿ, ಮತ್ತೆ ಬದಲಿಸುವ ಬೇಸರದ ಕೆಲಸದಿಂದ.

ಇನ್ನು, ಆಟ ಮಾಡಿ ದುಡ್ಡು ಗಳಿಸಬಹುದೇ ಎಂಬ ಮಾತು. ಎರಿಕ್ ಬರೋನ್ ಒಬ್ಬರೇ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಮಾಡಿ 2016ರಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಟೂಡಿ ಆಟ ಬಿಡುಗಡೆ ಮಾಡಿದ್ದು, ಅದು ಜಗತ್ತನ್ನು ಗೆದ್ದದ್ದು ನಿಜ. ಟೂಡಿ ಹಳತಾಯಿತು ಎನ್ನುವವರಿಗೆ ಅದೇ ಉತ್ತರ. ಆದರೆ ಅದಕ್ಕೆ ಹಿಡಿದದ್ದು ನಾಲ್ಕು ವರ್ಷಕ್ಕೂ ಮಿಕ್ಕ ಕಾಲ. ಹೊಸಬರಿಗೆ ಅದನ್ನು ಮಾದರಿಯಾಗಿ ತೋರಿಸುವುದು ಕ್ರೂರ.

ಸಾಧನ ಯಾವುದಿರಬೇಕು ಎಂಬ ಚರ್ಚೆಗೆ ಹೊಸಬರು ಬೇಕಾದ್ದಕ್ಕಿಂತ ಹೆಚ್ಚು ದಿನ ಕಳೆಯುತ್ತಾರೆ. ಮಕ್ಕಳಿಗೆ ಸ್ಕ್ರಾಚ್ ಸಾಕು. ದೊಡ್ಡವರಿಗೆ ಗೊಡೊ ಎಂಬ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ, ಒಳ್ಳೆಯ ಆಯ್ಕೆ: ಅರ್ಜೆಂಟೀನಾದಲ್ಲಿ ಹುಟ್ಟಿ 2014ರಿಂದ ಮುಕ್ತ ತಂತ್ರಾಂಶವಾಗಿರುವ ಇದಕ್ಕೆ ಕಾಸು ಕೊಡಬೇಕಿಲ್ಲ, ಮಾಡಿದ ಆಟ ಮಾರಿದರೂ ಪಾಲು ಕೇಳುವವರಿಲ್ಲ. ಯೂನಿಟಿ ಎಂಬ ಇನ್ನೊಂದು ಎಂಜಿನ್ನಿನ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಆಟದ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಘೋಷಿಸಿ, ಗಲಾಟೆಯಾಗಿ, ಮರುವರ್ಷ ಹಿಂತೆಗೆದುಕೊಂಡ ಪ್ರಸಂಗ ಈ ರಂಗದವರಿಗೆ ನೆನಪಿದೆ. ಪಾಂಗ್ ಮಾಡಿದವರು ಬೇರೆ ಎಂಜಿನ್ನಿಗೆ ಅದನ್ನು ಒಂದೆರಡು ಸಂಜೆಯಲ್ಲಿ ಒಯ್ಯಬಹುದು. ಮಹಾಕಾವ್ಯ ಕಟ್ಟಹೊರಟವರು ಅಲ್ಲೇ ಸಿಕ್ಕಿಬೀಳುತ್ತಾರೆ. ಕನ್ನಡದಲ್ಲಿ ಆಟ ಮಾಡುವವರು ಮಾತ್ರ ಶುರುವಿನಲ್ಲೇ ನೋಡಿಕೊಳ್ಳಬೇಕಾದ ವಿಷಯವೊಂದಿದೆ. ನಮ್ಮ ಒತ್ತಕ್ಷರಗಳನ್ನು ಜೋಡಿಸುವ ಬುದ್ಧಿ ಎಲ್ಲ ಎಂಜಿನ್‌ಗಳಿಗೂ ಇರುವುದಿಲ್ಲ. ಗೊಡೊಗೇ ಅದು ಬಂದದ್ದು 2023ರ ನಾಲ್ಕನೇ ಆವೃತ್ತಿಯಲ್ಲಿ. ಒಂದೊಂದು ಅಕ್ಷರಕ್ಕೆ ಒಂದೊಂದು ಚಿತ್ರವಿಡುವ ಪಿಕ್ಸೆಲ್ ಫಾಂಟುಗಳಿಗಂತೂ ಕನ್ನಡ ಒಗ್ಗುವುದಿಲ್ಲ. ಆಟದ ಹೆಸರು ತೀರ್ಮಾನಿಸುವ ಮೊದಲು ಖಾಲಿ ಪರದೆಯ ಮೇಲೆ ‘ಲಕ್ಷ್ಮಿ’, ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂದು ಬರೆಸಿ ನೋಡಿ. ಮೂರೂ ಸರಿಯಾಗಿ ಮೂಡಿದರೆ ಆ ಎಂಜಿನ್ನು, ಆ ಫಾಂಟು ಕೆಲಸಕ್ಕೆ ಬರುತ್ತವೆ.