ಅಂಚು ಕರಗಿಸುವ ಲೆಕ್ಕ

ಬಸ್ ನಿಲ್ದಾಣದ ಎದುರು ಕಟ್ಟಿರುವ ಫ್ಲೆಕ್ಸ್‌ ಒಂದನ್ನು ಹತ್ತಿರ ನಿಂತು ನೋಡಿ. ಹುಟ್ಟುಹಬ್ಬದ ಶುಭಾಶಯವೋ, ಜಾತ್ರೆಗೆ ಬರುವವರಿಗೆ ಸ್ವಾಗತವೋ ಇರುತ್ತದೆ. ಮುಖಂಡರ ತಲೆಯ ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ ಓಡಿರುತ್ತದೆ. ಅದು ದೇವರ ಪಟದಲ್ಲಿರುವಂಥ ಪ್ರಭಾವಳಿಯಲ್ಲ. ಫೋಟೊ ತೆಗೆಸಿಕೊಂಡಾಗ ಅವರ ಬೆನ್ನಹಿಂದೆ ಇದ್ದ ಗೋಡೆಯ ಚೂರು. ವಿನ್ಯಾಸ ಮಾಡಿದ ಹುಡುಗನನ್ನು ಕೇಳಿದರೆ ‘ಫೆದರ್ ಕೊಟ್ಟಿದ್ದೆನಲ್ಲ ಸಾರ್’ ಎನ್ನುತ್ತಾನೆ. ಕೊಟ್ಟಿದ್ದೂ ನಿಜ, ಗೆರೆ ಬಂದಿದ್ದೂ ನಿಜ. ಗೆರೆ ಬಂದಿದ್ದು ಫೆದರ್ ಕೊಟ್ಟಿದ್ದರಿಂದಲೇ.

ಕಂಪ್ಯೂಟರಿನ ಫೋಟೊ ಎಂದರೆ ಪಿಕ್ಸೆಲ್ ಎಂಬ ಚೌಕಗಳ ಸಾಲು, ರಂಗೋಲಿಯ ಚುಕ್ಕಿಗಳ ಹಾಗೆ. ಆ ಚೌಕಗಳಲ್ಲಿ ‘ಇದು ಬೇಕು, ಇದು ಬೇಡ’ ಎಂದು ಎರಡೇ ಪಾಲು ಮಾಡಿದರೆ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಕತ್ತರಿಯಿಂದ ಕತ್ತರಿಸಿ ಅಂಟಿಸಿದ್ದು ಎಂದು ಯಾರಿಗೂ ಗೊತ್ತಾಗಿಬಿಡುತ್ತದೆ. ಸೀರೆಗೆ ಅಂಚು ಎದ್ದು ಕಂಡರೆ ಚಂದ, ಕತ್ತರಿಸಿದ ಫೋಟೊಗೆ ಅದು ಕಾಣದಿದ್ದರೆ ಚಂದ. ಹಾಗಾಗಿ ಮೂರನೆಯ ಉತ್ತರವೊಂದು ಬೇಕಾಯಿತು: ‘ಅರ್ಧ ಬೇಕು’. ಫೋಟೊಶಾಪ್ ಪ್ರತಿ ಪಿಕ್ಸೆಲ್ಲಿಗೂ 0ಯಿಂದ 255ರವರೆಗೆ ಒಂದು ಅಂಕಿ ಇಟ್ಟುಕೊಳ್ಳುತ್ತದೆ. 0 ಎಂದರೆ ಪೂರ್ತಿ ಬೇಡ, 255 ಎಂದರೆ ಪೂರ್ತಿ ಬೇಕು. ನಡುವಿನದೆಲ್ಲ ಪಾಲುದಾರಿಕೆ.

ಈ ಅಂಕಿಗೆ ಆಲ್ಫಾ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್, ಕೆಂಪು ಹಸಿರು ನೀಲಿಗಳ ಪಕ್ಕದಲ್ಲಿ ಪ್ರತಿ ಪಿಕ್ಸೆಲ್ಲಿಗೂ ನಾಲ್ಕನೆಯ ಅಂಕಿಯಾಗಿ ಇದನ್ನು ಇಟ್ಟರು. ಒಂದರ ಮೇಲೊಂದು ಚಿತ್ರ ಪೇರಿಸುವಾಗ ಈ ಅಂಕಿಯನ್ನು ಬಳಸುವ ಸೂತ್ರಗಳನ್ನು 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬರೆದಿಟ್ಟರು. 1996ರಲ್ಲಿ ಈ ನಾಲ್ವರಿಗೂ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಸಿನಿಮಾದವರಿಗಾಗಿ ಹುಟ್ಟಿದ ಲೆಕ್ಕ ಈಗ ಗೃಹಪ್ರವೇಶದ ಆಮಂತ್ರಣದಲ್ಲೂ ಕೆಲಸ ಮಾಡುತ್ತಿದೆ.

ಫೆದರ್ ಎಂದರೆ ಗರಿ. ಹಕ್ಕಿಯ ಗರಿಯ ತುದಿ ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಹೆಸರು ಅಲ್ಲಿಂದ ಬಂತು. ಇಲ್ಲಿ ಹೊಸಬರು ಎಡವುವ ಒಂದು ವಿಷಯವಿದೆ. ಫೆದರ್ ಫೋಟೊವನ್ನು ಮಸುಕು ಮಾಡುವುದಿಲ್ಲ. ಮಸುಕಾಗುವುದು ನೀವು ಮಾಡಿದ ಆಯ್ಕೆಯ ಗಡಿ ಮಾತ್ರ. ಗಡಿಯ ಅಕ್ಕಪಕ್ಕದ ಅಂಕಿಗಳ ಸರಾಸರಿ ತೆಗೆಯಲಾಗುತ್ತದೆ. ಹತ್ತಿರದವಕ್ಕೆ ಹೆಚ್ಚು ತೂಕ, ದೂರದವಕ್ಕೆ ಕಡಿಮೆ. ಆ ತೂಕವನ್ನು ನಿರ್ಧರಿಸುವುದು ಗಣಿತಜ್ಞ ಗೌಸ್‌ನ ಹೆಸರು ಹೊತ್ತ ಗಂಟೆಯಾಕಾರದ ರೇಖೆ. ಯೂರೋ ಬರುವ ಮೊದಲು ಜರ್ಮನಿಯ 10 ಮಾರ್ಕಿನ ನೋಟಿನಲ್ಲಿ ಗೌಸ್‌ನ ಮುಖದ ಪಕ್ಕ ಇದೇ ರೇಖೆಯನ್ನು ಅಚ್ಚು ಹಾಕುತ್ತಿದ್ದರು.

ಆಯ್ಕೆಯ ಸುತ್ತ ಇರುವೆ ಸಾಲಿನಂತೆ ಓಡಾಡುವ ಚುಕ್ಕೆಗೆರೆ ಈ ಮೆದುತನವನ್ನು ತೋರಿಸುವುದಿಲ್ಲ. ಅದು ಓಡುವುದು ಆಯ್ಕೆ ಸರಿಯಾಗಿ ಅರ್ಧಕ್ಕೆ ಇಳಿದ ಜಾಗದಲ್ಲಿ. ಚಿಕ್ಕದೊಂದು ವೃತ್ತಕ್ಕೆ ದೊಡ್ಡ ಫೆದರ್ ಕೊಟ್ಟರೆ ಎಲ್ಲೂ ಅರ್ಧಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಆಗ ಇರುವೆಗಳು ಕಾಣುವುದಿಲ್ಲ ಎಂದು ಫೋಟೊಶಾಪ್ ಎಚ್ಚರಿಸುತ್ತದೆ. ಆಯ್ಕೆ ಹೋಗಿರುವುದಿಲ್ಲ, ಗೆರೆ ಕಾಣುತ್ತಿಲ್ಲ ಅಷ್ಟೆ. ಕೀಲಿಮಣೆಯಲ್ಲಿ ‘ಕ್ಯೂ’ ಒತ್ತಿದರೆ ಆಯ್ಕೆಯಾಗದ ಭಾಗಕ್ಕೆ ಕೆಂಪು ಪರದೆ ಬಿದ್ದು, ಅಂಚು ಎಷ್ಟು ಅಗಲಕ್ಕೆ ಕರಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಈಗ ಆ ಬಿಳಿ ಗೆರೆಯ ಕಥೆ. ಫೆದರ್ ಗಡಿಯ ಒಳಗೂ ಕರಗುತ್ತದೆ, ಹೊರಗೂ ಕರಗುತ್ತದೆ. ಹೊರಗಿನ ಅರ್ಧದಲ್ಲಿ ಇರುವುದು ತಲೆಗೂದಲಲ್ಲ, ಗೋಡೆ. ಬೆಳಕಿನ ಅಂಕಿ ಹಾಕಿಯೇ ನೋಡೋಣ. ಕೂದಲು 20, ಬಿಳಿ ಗೋಡೆ 255, ನಾವು ಹೊಸದಾಗಿ ಹಾಕಲಿರುವ ಕಡುಹಸಿರು ಹಿನ್ನೆಲೆ 60 ಎಂದುಕೊಳ್ಳಿ. ಗಡಿಯ ಒಳಗೆ ಶೇ 70 ಉಳಿದ ಪಿಕ್ಸೆಲ್ಲಿನಲ್ಲಿ ಕೂದಲಿನ ಪಾಲು 14, ಹಸಿರಿನ ಪಾಲು 18, ಒಟ್ಟು 32. ಇದು ಸರಿಯಾಗಿದೆ. ಗಡಿಯ ಹೊರಗೆ ಶೇ 30 ಉಳಿದ ಪಿಕ್ಸೆಲ್ಲಿಗೆ ಬನ್ನಿ: ಗೋಡೆಯಿಂದ ಸುಮಾರು 76, ಹಸಿರಿನಿಂದ 42, ಒಟ್ಟು 118. ಅಲ್ಲಿಂದಾಚೆಗೆ ಮತ್ತೆ 60. ಕತ್ತಲೆಯಿಂದ ಹಸಿರಿಗೆ ಮೆಲ್ಲಗೆ ಏರಬೇಕಿದ್ದ ಬೆಳಕು ನಡುವೆ 118ಕ್ಕೆ ಜಿಗಿದು ಮತ್ತೆ ಕೆಳಗಿಳಿಯಿತು. ಆ ಜಿಗಿತವೇ ನಮ್ಮ ಮುಖಂಡರ ಪ್ರಭಾವಳಿ.

ಆದ್ದರಿಂದ ಫೆದರ್ ಕೊಡುವ ಮೊದಲು ಆಯ್ಕೆಯನ್ನು ಎರಡು ಮೂರು ಪಿಕ್ಸೆಲ್ ಒಳಕ್ಕೆ ಎಳೆಯಬೇಕು. ಮೆನುವಿನಲ್ಲಿ ಅದಕ್ಕೆ ಕಾಂಟ್ರಾಕ್ಟ್ ಎಂಬ ಆಜ್ಞೆ ಇದೆ. ಹೊರಗಿನ ಅರ್ಧವೂ ಆಗ ಕೂದಲಿನ ಮೇಲೆಯೇ ಬೀಳುತ್ತದೆ. ಇನ್ನೊಂದು ಮಾತು: ಬೇಡವಾದುದನ್ನು ರಬ್ಬರಿನಿಂದ ಅಳಿಸಿಬಿಡುವ ಅಭ್ಯಾಸ ನನಗೆ ಸೇರದು. ಬೇಡದ್ದನ್ನು ಅಳಿಸದೆ ಮರೆಮಾಡುವ ಮಾಸ್ಕ್ ಹಾಕಿದರೆ ಫೋಟೊ ಇಡಿಯಾಗಿ ಕೆಳಗೆ ಇರುತ್ತದೆ. ಗಿರಾಕಿ ಸಂಜೆ ಬಂದು ‘ಶಾಲು ಇನ್ನೂ ಸ್ವಲ್ಪ ಕಾಣಬೇಕಿತ್ತು’ ಎಂದರೂ ತೊಂದರೆಯಿಲ್ಲ.

ಕಂಪ್ಯೂಟರ್ ಬರುವ ಮೊದಲೂ ಅಂಚು ಕರಗಿಸುತ್ತಿದ್ದರು. ಅಜ್ಜಿಯ ಮನೆಯ ಗೋಡೆಯಲ್ಲಿ, ಎದೆಯಿಂದ ಕೆಳಗೆ ಬಿಳಿಯಲ್ಲಿ ಕರಗಿಹೋಗುವ ಅಂಡಾಕಾರದ ಹಳೆಯ ಫೋಟೊ ನೋಡಿರುತ್ತೀರಿ. ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರಿನ ಬೆಳಕಿಗೂ ಕಾಗದಕ್ಕೂ ನಡುವೆ, ಅಂಡಾಕಾರದ ತೂತು ಮಾಡಿದ ರಟ್ಟನ್ನು ಹಿಡಿದು ಅಲ್ಲಾಡಿಸುತ್ತಿದ್ದರು. ರಟ್ಟು ಕಾಗದದ ಹತ್ತಿರ ಬಂದರೆ ಅಂಚು ಗಟ್ಟಿ, ದೂರ ಸರಿದರೆ ಮೆದು. ಅಂಕಿಯ ಬದಲು ಕೈಯ ಅಳತೆ. ಕೈ ನಿಂತರೆ ಗೆರೆ ಮೂಡುತ್ತಿತ್ತು.

ಇದೇ ನಿಯಮ ಬಿಸಿಲಿನಲ್ಲೂ ಇದೆ. ಇಳಿಬಿಸಿಲಿನಲ್ಲಿ ತೆಂಗಿನಮರದ ನೆರಳು ನೋಡಿ. ಬುಡದ ಹತ್ತಿರ ಕೊರೆದಂತೆ ಸ್ಪಷ್ಟ, ಗರಿಗಳ ಕಡೆಗೆ ಹೋದಂತೆ ಮಸುಕು. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿಯಷ್ಟಿದೆ. ಅದರಿಂದಾಗಿ ವಸ್ತುವಿನಿಂದ ಒಂದು ಮೀಟರ್ ದೂರದಲ್ಲಿ ಎದುರಾಗಿ ಬಿದ್ದ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಅಗಲಕ್ಕೆ ಕರಗಿರುತ್ತದೆ. ಕೋರೆಲ್‌ಡ್ರಾದಲ್ಲಿ ಚಿತ್ರಕ್ಕೆ ನೆರಳು ಕೊಡುವವರು ಪಾದದಿಂದ ತಲೆಯವರೆಗೆ ಒಂದೇ ಫೆದರ್ ಇಟ್ಟುಬಿಡುತ್ತಾರೆ. ಮನುಷ್ಯ ನೆಲದ ಮೇಲೆ ನಿಂತಂತೆ ಕಾಣದೆ ತೇಲಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಎಷ್ಟು ಫೆದರ್ ಕೊಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಪಿಕ್ಸೆಲ್ಲಿಗೆ ಅದರದೇ ಆದ ಅಳತೆ ಇಲ್ಲ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಪಿಕ್ಸೆಲ್ ಇರುವಾಗ, 10 ಪಿಕ್ಸೆಲ್ ಎಂದರೆ ಒಂದು ಮಿಲಿಮೀಟರ್ ಕೂಡ ಇಲ್ಲ, 72 ಡಿಪಿಐನಲ್ಲಿ ಅದೇ ಮೂರೂವರೆ ಮಿಲಿಮೀಟರ್. ನಾನು ಡಿಟಿಪಿ ಅಂಗಡಿಯಲ್ಲಿ ಕೂತ ಹೊಸದರಲ್ಲಿ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿದೆ. ಮನೆಯವರು ತಂದದ್ದು ಪಾಸ್‌ಪೋರ್ಟ್ ಅಳತೆಯ ಒಂದೇ ಒಂದು ಫೋಟೊ. 35 ಮಿಲಿಮೀಟರ್ ಅಗಲ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 413 ಪಿಕ್ಸೆಲ್. ಮೆದುವಾಗಿರಲಿ ಎಂದು 20 ಕೊಟ್ಟೆ. ಐದು ಅಡಿ ಅಗಲಕ್ಕೆ ಹಿಗ್ಗಿಸಿದಾಗ ಒಂದೊಂದು ಪಿಕ್ಸೆಲ್ಲೂ 3.7 ಮಿಲಿಮೀಟರ್ ಆಯಿತು, 20 ಪಿಕ್ಸೆಲ್ ಏಳು ಸೆಂಟಿಮೀಟರ್ ದಾಟಿತು. ಮಾರನೆಯ ದಿನ ಫ್ಲೆಕ್ಸ್ ಬಿಚ್ಚಿ ನೋಡಿದ ಮಗ ಸಿಟ್ಟಾಗಲಿಲ್ಲ, ‘ಅಪ್ಪಾಜಿಯ ಕಿವಿ ಎಲ್ಲಿ?’ ಎಂದಷ್ಟೇ ಕೇಳಿದ. ಎರಡೂ ಕಿವಿ ಹೊಗೆಯಾಗಿದ್ದವು. ಮತ್ತೆ ಮುದ್ರಿಸಿಕೊಟ್ಟೆವು. ದುಡ್ಡು ನನ್ನ ಸಂಬಳದಲ್ಲಿ ಹಿಡಿದರು, ಅದು ನ್ಯಾಯವೇ.

ಆಮೇಲೆ ನಾನು ಎಲ್ಲ ಅಂಚಿಗೂ ಒಂದೇ ಅಂಕಿ ಕೊಡುವುದನ್ನು ಬಿಟ್ಟೆ. ಇಸ್ತ್ರಿ ಮಾಡಿದ ಕಾಲರಿಗೆ ಅರ್ಧ ಪಿಕ್ಸೆಲ್ ಸಾಕು. ಉಣ್ಣೆಯ ಶಾಲಿಗೆ ಎರಡು ಮೂರು ಬೇಕಾದೀತು. ತಲೆಗೂದಲಿಗಂತೂ ಫೆದರ್ ಮದ್ದೇ ಅಲ್ಲ. ಅಲ್ಲಿ ಬೇಕಿರುವುದು ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಮಾಸ್ಕ್. ಫೋಟೊದಲ್ಲೇ ಯಾವ ಭಾಗ ಫೋಕಸ್ ತಪ್ಪಿದೆಯೋ ಅಲ್ಲಿ ಅಂಚೂ ಅಷ್ಟೇ ಮೆದುವಾಗಿರಬೇಕು. ಕಣ್ಣು ಚೂಪಾಗಿದ್ದು ಹೆಗಲು ಮಸುಕಾಗಿರುವ ಫೋಟೊದಲ್ಲಿ ಹೆಗಲನ್ನು ಬ್ಲೇಡಿನಲ್ಲಿ ಕೊಯ್ದಂತೆ ಕತ್ತರಿಸಿದರೆ ಸುಳ್ಳು ತಕ್ಷಣ ಬಯಲಾಗುತ್ತದೆ.

ಇಷ್ಟು ಪಾಡುಪಟ್ಟು ಕರಗಿಸಿದ ಅಂಚನ್ನು ಕೊನೆಯಲ್ಲಿ ಕೆಡಿಸುವುದು ಕಡತ ಉಳಿಸುವ ಕ್ರಮ. ಜೆಪೆಗ್‌ನಲ್ಲಿ ಆಲ್ಫಾಕ್ಕೆ ಜಾಗವೇ ಇಲ್ಲ. ಜಿಫ್‌ನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಅರ್ಧ ಎಂಬುದು ಅದಕ್ಕೆ ತಿಳಿಯದು. 1996ರಲ್ಲಿ ಬಂದ ಪಿಎನ್‌ಜಿ ಮಾತ್ರ ಪಾಲುದಾರಿಕೆಯ ಅಂಕಿಯನ್ನು ಹಾಗೆಯೇ ಕಾಪಾಡುತ್ತದೆ. ಆ ಪಿಎನ್‌ಜಿಯನ್ನೂ ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಜೆಪೆಗ್ ಆಗಿಯೇ ತಲುಪುತ್ತದೆ. ಲೋಗೋ ಕಳಿಸುವ ಗಿರಾಕಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಮೊದಲೇ ಹೇಳಿಬಿಡಿ.