ನೀರಿಗೂ ಒಂದು ತಲೆಯುಂಟು

ಸಂಘದ ಕಳೆದ ಸಭೆಯಲ್ಲಿ ಚಹಾ ಕುಡಿಯುವ ಹೊತ್ತಿಗೆ ಸದಸ್ಯರೊಬ್ಬರು, "ಈ ಪೆನಾಂಗಿನಲ್ಲಿ ನಮ್ಮ ಕಡೆಯ ಹೊಳೆಯಂಥ ಜಾಗ ಎಲ್ಲಾದರೂ ಉಂಟೇ ಮಾರಾಯರೆ?" ಎಂದು ಕೇಳಿದರು. ಉಂಟು ಎಂದೆ. "ಹಾಗಾದರೆ ಪತ್ರಿಕೆಗೆ ಬರೆದುಕೊಡಿ" ಎಂದು ಸಂಪಾದಕರು ಅಲ್ಲಿಯೇ ನನ್ನನ್ನು ಹಿಡಿದುಹಾಕಿದರು. ಜಾಗದ ಅಂದಚಂದ ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅಲ್ಲಿ ನಮಗಾದ ಅನುಭವವನ್ನು ಮುಚ್ಚಿಟ್ಟು ಬರಿಯ ದಾರಿ ತೋರಿಸಿದರೆ ತಪ್ಪಾದೀತು. ಆದ್ದರಿಂದ ಎರಡನ್ನೂ ಬರೆಯುತ್ತಿದ್ದೇನೆ. ಓದುಗರು ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ವಿನಂತಿ.

'ಬಯಾನ್' ಎಂದರೆ ಮಲಯ ಭಾಷೆಯಲ್ಲಿ ಗಿಳಿ. 'ಲೆಪಾಸ್' ಎಂದರೆ ಬಿಡುಗಡೆಯಾದದ್ದು. ನಮ್ಮ ಬಯಾನ್ ಲೆಪಾಸನ್ನು ಪಾರಾದ ಗಿಳಿಯ ಊರು ಎನ್ನೋಣ. 1935ರಲ್ಲಿ ಇಲ್ಲಿ ವಿಮಾನ ನಿಲ್ದಾಣವಾಯಿತು. 1972ರಿಂದ ಮುಕ್ತ ವ್ಯಾಪಾರ ವಲಯದ ಕಾರ್ಖಾನೆಗಳು ಒಂದರ ಹಿಂದೆ ಒಂದರಂತೆ ಎದ್ದವು. ನಮ್ಮಲ್ಲಿ ಹಲವರು ಇಲ್ಲಿಗೆ ಬಂದದ್ದೇ ಆ ಕಾರ್ಖಾನೆಗಳ ಕೆಲಸಕ್ಕೆ. ಗಿಳಿ ಎಂದೋ ಪಾರಾಯಿತು. ನಾವು ಮಾತ್ರ ಹನ್ನೆರಡನೆಯ ಮಹಡಿಯ ಪಂಜರದಲ್ಲಿ ಕುಳಿತು, ಪಶ್ಚಿಮದ ಕಿಟಕಿಯಿಂದ ಹಸುರು ಬೆಟ್ಟಗಳನ್ನು ನೋಡುತ್ತಿರುತ್ತೇವೆ. ಕೆಳಗೆ ಅಂಗಳದಲ್ಲಿ ನೀಲಿ ಬಿಲ್ಲೆ ಹಾಸಿದ ಈಜುಕೊಳ. ನನ್ನ ಮಗ ಈಜು ಕಲಿತದ್ದು ಅಲ್ಲಿ. ಈ ತುದಿಯಿಂದ ಆ ತುದಿಗೆ ಐವತ್ತು ಸಲ ಹೋಗಿಬರುತ್ತಾನೆ. ವಯಸ್ಸು ಹದಿನಾಲ್ಕು; ಆದ್ದರಿಂದ ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ.

ನಾನು ಈಜು ಕಲಿತದ್ದು ಬೇರೆ ರೀತಿ. ಬೆಳ್ತಂಗಡಿ ತಾಲೂಕಿನ ನಮ್ಮ ಮನೆಯ ತೋಟದ ಕೆಳಗೆ ಹೊಳೆ ಹರಿಯುತ್ತಿತ್ತು. ನಮ್ಮ ಕಡೆ ಶಿಶಿಲದ ದೇವಸ್ಥಾನದ ಬಳಿ ಕಪಿಲಾ ಹೊಳೆಯಲ್ಲಿ ದೇವರ ಮೀನುಗಳಿರುವುದನ್ನು ಕೆಲವರಾದರೂ ನೋಡಿರಬಹುದು. 1996ರಲ್ಲಿ ಯಾರೋ ನೀರಿಗೆ ವಿಷವಿಕ್ಕಿ ಆ ಮೀನುಗಳನ್ನು ರಾಶಿ ರಾಶಿಯಾಗಿ ಕೊಂದಾಗ ಊರವರು ಅವಕ್ಕೆ ಸ್ಮಾರಕವನ್ನೇ ಕಟ್ಟಿಸಿದರು. ಹೊಳೆ ಎಂದರೆ ನಮ್ಮ ಜನಕ್ಕೆ ಅಂಥ ಸಂಬಂಧ. ನಮ್ಮ ತೋಟದ ಕೆಳಗಿನ ಮಡುವಿನಲ್ಲಿ ದೊಡ್ಡಪ್ಪ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ನನ್ನನ್ನು ತಳ್ಳಿದರು. ನಾಲ್ಕು ದಿನ ನೀರು ಕುಡಿದೆ. ಐದನೆಯ ದಿನ ಕಾಯಿ ಬಿಚ್ಚಿದರು.

ಅದೇ ಮಡುವಿನಲ್ಲಿ ಒಂದು ಮೇ ತಿಂಗಳ ಕೊನೆಗೆ ದೊಡ್ಡಪ್ಪನ ಮಗ ಹೋದ. ನಮ್ಮೆಲ್ಲರಿಗಿಂತ ಚೆನ್ನಾಗಿ ಈಜುತ್ತಿದ್ದವನು ಅವನು. ಅಂದು ಹೊಳೆಯ ಮೇಲೆ ಒಳ್ಳೆಯ ಬಿಸಿಲಿತ್ತು. ಘಟ್ಟದ ಮೇಲೆ ಮಾತ್ರ ಮೋಡ ಕಪ್ಪಾಗಿತ್ತು. ನಾನು ದಂಡೆಯಲ್ಲಿದ್ದೆ. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಈಗ ಪೆನಾಂಗಿನ ವಿಷಯಕ್ಕೆ ಬರೋಣ. ಕಳೆದ ಮೇ ತಿಂಗಳ ಒಂದು ಭಾನುವಾರ ಎರಡು ಸಂಸಾರ, ಎರಡು ಕಾರು ಹೊರಟೆವು. ನನ್ನ ಮನೆಯವರು ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡಿದ್ದರು. ಜೊತೆಗೆ ಬಂದ ವಿಜಾಪುರದ ಮಿತ್ರರ ಮನೆಯವರು ರೊಟ್ಟಿ, ಶೇಂಗಾ ಚಟ್ನಿ. ಬಯಾನ್ ಲೆಪಾಸಿನಿಂದ ತೆಲುಕ್ ಕುಂಬಾರ್ ದಾಟಿ, ಘಾಟಿ ಹತ್ತಿ ಇಳಿದರೆ ಬಾಲಿಕ್ ಪುಲಾವ್. ದ್ವೀಪದ ಬೆನ್ನು ಎಂದು ಅದರ ಅರ್ಥ. ಅಲ್ಲಿಂದ ಉತ್ತರಕ್ಕೆ ತೆಲುಕ್ ಬಹಾಂಗಿಗೆ ಹೋಗುವ ರಸ್ತೆ ಮತ್ತೆ ಬೆಟ್ಟ ಹತ್ತುತ್ತದೆ. ಎರಡೂ ಬದಿ ಡುರಿಯನ್, ಲವಂಗ, ಜಾಯಿಕಾಯಿಯ ತೋಟಗಳು. ತಿರುವಿನ ಮೇಲೆ ತಿರುವು. ಆಗುಂಬೆ ಹತ್ತಿದವರಿಗೆ ಇದು ಹೆಚ್ಚಲ್ಲ. ವಿಜಾಪುರದವರಿಗೆ ಮಾತ್ರ ಎರಡು ಕಡೆ ಇಳಿದು ಗಾಳಿ ಕುಡಿಯಬೇಕಾಯಿತು.

ಹೀಗೆ ಹತ್ತುವಾಗ ಸಿಗುವುದು ತಿತಿ ಕೆರಾವಾಂಗ್. 'ತಿತಿ' ಎಂದರೆ ಸೇತುವೆ. ರಸ್ತೆಯ ಪಕ್ಕದಲ್ಲಿಯೇ ಹೊಳೆ ಬಂಡೆಗಳ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅದರ ನೀರಿನ ಒಂದು ಪಾಲನ್ನು ಕುಡಿಯುವುದಕ್ಕಾಗಿ ಕೊಳವೆಗಳಲ್ಲಿ ಒಯ್ಯುವುದರಿಂದ, ಹಳೆಯ ಚಿತ್ರಗಳಲ್ಲಿ ಕಾಣುವ ಭೋರ್ಗರೆತ ಎಲ್ಲ ದಿನವೂ ಸಿಗುವುದಿಲ್ಲ. ಆದರೆ ರಸ್ತೆಯ ಗದ್ದಲ ಬಿಟ್ಟು ಮರಗಳ ನಡುವೆ ಸ್ವಲ್ಪ ನಡೆದರೆ ಬಂಡೆಗಳ ಮರೆಯಲ್ಲಿ ಒಂದು ಮಡು. ಸುತ್ತ ಬೆತ್ತದ ಪೊದೆ, ಕಾಡುಬಾಳೆ, ಮೇಲೆ ಎಲೆಯ ಚಪ್ಪರ. ಮಧ್ಯಾಹ್ನದ ಬಿಸಿಲು ನಾಣ್ಯಗಳಂತೆ ಚೆಲ್ಲಿ ನೀರಿನ ತಳದ ಮರಳಿನವರೆಗೂ ಕಾಣುತ್ತಿತ್ತು. ನೀರು ಮುಟ್ಟಿದರೆ ಮೈ ಜುಮ್ಮೆನ್ನುವಷ್ಟು ತಂಪು. ವಿಜಾಪುರದ ಮಿತ್ರರು ಬಂಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟು, "ಇಷ್ಟು ನೀರು ನಮ್ಮೂರಾಗ ಇದ್ದಿದ್ರ ನಾವ್ಯಾಕ್ರೀ ಇಷ್ಟು ದೂರ ಬರ್ತಿದ್ವಿ!" ಎಂದರು. ಎಲ್ಲರೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಮಕ್ಕಳು ನೀರಿನಲ್ಲಿದ್ದರು. ಊಟದ ಕ್ಯಾರಿಯರನ್ನು ಹೊಳೆಯ ನಡುವಿನ ಚಪ್ಪಟೆ ಕಲ್ಲಿನ ಮೇಲೆ ತಂಪಿಗೆಂದು ಇಟ್ಟಿದ್ದೆವು. ಎರಡು ಗಂಟೆಯ ಸುಮಾರಿಗೆ ತೋಟದ ಕೆಲಸದ ಕತ್ತಿ ಹಿಡಿದ ಒಬ್ಬ ಮುದುಕ ಮೇಲಿನ ಹಾದಿಯಿಂದ ಇಳಿದು ಬಂದ. ನಮ್ಮನ್ನು ನೋಡಿ ನಿಂತ. ನೀರನ್ನೊಮ್ಮೆ ನೋಡಿದ. "ನಾಯಿಕ್, ನಾಯಿಕ್" ಎಂದು ಕೈಯೆತ್ತಿ ಬೀಸಿದ. ಮೇಲೆ ಹತ್ತಿ ಎಂದರ್ಥ. ನಾನು ನನ್ನ ಹರಕು ಮಲಯದಲ್ಲಿ, "ಮಳೆ ಇಲ್ಲವಲ್ಲ, ಪಾಕ್ ಚಿಕ್?" ಎಂದೆ. ಹಿರಿಯರನ್ನು ಇಲ್ಲಿ ಹಾಗೆ ಚಿಕ್ಕಪ್ಪನ ಲೆಕ್ಕದಲ್ಲಿ ಕರೆಯುತ್ತಾರೆ. ಅವನು ಬೆಟ್ಟದ ನೆತ್ತಿಯತ್ತ ಗಲ್ಲವೆತ್ತಿ ತೋರಿಸಿ, "ಕೆಪಾಲಾ ಆಯರ್" ಎಂದ.

ನಾನು ವಾದಕ್ಕೆ ನಿಂತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬಿಸಿಲಿದೆ, ಈಗಷ್ಟೇ ಇಳಿದಿದ್ದಾರೆ, ಹತ್ತು ನಿಮಿಷ ಇರಲಿ ಎಂದೆ. ಮಗನಂತೂ ನೀರಿನಿಂದಲೇ, "ಅಪ್ಪ, ನನಗೆ ಈಜು ಬರುತ್ತದೆ ಅಂತ ಅವರಿಗೆ ಹೇಳಿ" ಎಂದು ಕೂಗಿದ. ಆ ಮಾತು ಕಿವಿಗೆ ಬಿದ್ದಾಗ ನನಗೆ ಮೈ ತಣ್ಣಗಾಯಿತು. ನೀರನ್ನು ನೋಡಿದೆ. ತಳದ ಮರಳು ಕಾಣುತ್ತಿರಲಿಲ್ಲ. ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಒಣ ಎಲೆ, ಪುಳ್ಳೆ ಕಡ್ಡಿ ತೇಲಿ ಬರುತ್ತಿದ್ದವು. ನಾನು ಕಿರುಚಿದ ರೀತಿಗೆ ಹೆದರಿಯೇ ಇರಬೇಕು, ಮಕ್ಕಳು ಮರುಮಾತಿಲ್ಲದೆ ಹತ್ತಿ ಬಂದರು. ಮುದುಕ ಎಲ್ಲರನ್ನೂ ಇನ್ನೂ ಎತ್ತರದ ದಿಬ್ಬಕ್ಕೆ ಅಟ್ಟಿದ. ಕ್ಯಾರಿಯರು ತರಲು ಹೊರಟ ಮಿತ್ರರ ತೋಳನ್ನು ಹಿಡಿದೇ ನಿಲ್ಲಿಸಿದ.

ಹತ್ತು ನಿಮಿಷವೂ ಆಗಿರಲಿಲ್ಲ. ಮೊದಲು ಸದ್ದು ಬಂತು, ಲಾರಿ ಘಾಟಿ ಇಳಿಯುವಂತೆ. ಆಮೇಲೆ ಕಂದು ಬಣ್ಣದ ನೀರು ಕೊಂಬೆಗಳನ್ನು ಹೊತ್ತು ಬಂಡೆಯ ಮೇಲಿಂದ ಒಮ್ಮೆಲೇ ಇಳಿಯಿತು. ಚಪ್ಪಟೆ ಕಲ್ಲೂ ಇಲ್ಲ, ಕ್ಯಾರಿಯರೂ ಇಲ್ಲ, ಮಡುವೂ ಇಲ್ಲ. ನಮ್ಮ ತಲೆಯ ಮೇಲೆ ಆಗಲೂ ಬಿಸಿಲೇ. ನನ್ನ ಮನೆಯವರು ಮಗನ ಕೈಯನ್ನು ಒಂದು ಗಂಟೆಯಾದರೂ ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ.

'ಕೆಪಾಲಾ' ಎಂದರೆ ತಲೆ. ಸಂಸ್ಕೃತದ ಕಪಾಲವೇ ಕಡಲು ದಾಟಿ ಬಂದು ಮಲಯದಲ್ಲಿ ನೆಲೆಸಿದೆ. 'ಆಯರ್' ಎಂದರೆ ನೀರು. ಎಂದರೆ ನೀರಿನ ತಲೆ. ಪೆನಾಂಗ್ ದ್ವೀಪದ ಬೆಟ್ಟಗಳು ಬಹುಪಾಲು ಗ್ರಾನೈಟ್ ಕಲ್ಲಿನವು. ಅತಿ ಎತ್ತರದ ಶಿಖರ 833 ಮೀಟರು. ಅಲ್ಲಿಂದ ಕಡಲಿಗೆ ಕೆಲವೇ ಕಿಲೋಮೀಟರು. ಆದ್ದರಿಂದ ಹೊಳೆಗಳು ಗಿಡ್ಡ, ಇಳಿಜಾರು ಬಹಳ. ನೆತ್ತಿಯಲ್ಲಿ ಅರ್ಧ ಗಂಟೆ ಜೋರು ಮಳೆ ಬಿದ್ದರೆ ಆ ನೀರೆಲ್ಲ ಒಂದೇ ಕಣಿವೆಗೆ ಸೇರುತ್ತದೆ. ಮುರಿದ ಮರ, ಕಸಕಡ್ಡಿ ಎಲ್ಲಾದರೂ ಅಡ್ಡ ಸಿಕ್ಕಿ ನೀರು ಕಟ್ಟಿ ನಿಂತು ಒಡೆಯಿತೆಂದರೆ ಇನ್ನೂ ಕಷ್ಟ. ಕೆಳಗಿರುವವನಿಗೆ ಮಳೆಯ ಹನಿಯೂ ಕಾಣದೆ ಹೊಳೆ ತಲೆಯೆತ್ತಿ ಬರುತ್ತದೆ. ನಮ್ಮಲ್ಲಿಂದ ಕಡಲಾಚೆ ಕಾಣುವ ಕೆಡಾ ರಾಜ್ಯದ ಜೆರಾಯ್ ಬೆಟ್ಟದಲ್ಲಿ 2021ರ ಆಗಸ್ಟ್ 18ರಂದು ಹೀಗೆಯೇ ನೀರು ಬಂಡೆ, ದಿಮ್ಮಿಗಳನ್ನು ಉರುಳಿಸಿಕೊಂಡು ಬಂದು ಯಾನ್ ಪ್ರದೇಶದಲ್ಲಿ ಆರು ಜನರನ್ನು ಬಲಿ ತೆಗೆದುಕೊಂಡಿತು.

ಮನೆಗೆ ಬಂದ ಮೇಲೆ ರಾತ್ರಿಯೆಲ್ಲ ಯೋಚಿಸಿದೆ. ಘಟ್ಟದ ಮೋಡದ ಪಾಠ ಕಲಿತವನು ನಾನು. ಅದಕ್ಕೆ ತೆತ್ತ ಬೆಲೆಯನ್ನೂ ಕಂಡವನು. ಆದರೂ ಹೇಗೆ ಮರೆತೆ? ಊರಿನ ಮಳೆಗೆ ತಿಂಗಳುಂಟು, ನಕ್ಷತ್ರಗಳ ಲೆಕ್ಕವುಂಟು. ಇಲ್ಲಿ ಜನವರಿ, ಫೆಬ್ರವರಿ ಸ್ವಲ್ಪ ಒಣ, ಸೆಪ್ಟೆಂಬರ್, ಅಕ್ಟೋಬರ್ ಬಲು ಮಳೆ. ಉಳಿದಂತೆ ಯಾವ ಮಧ್ಯಾಹ್ನಕ್ಕೂ ಭರವಸೆಯಿಲ್ಲ. ಇಷ್ಟು ವರ್ಷ ಈ ಮಳೆಯನ್ನು ಕಿಟಕಿಯ ಗಾಜಿನಾಚೆ ನೋಡಿದ್ದೆನೇ ಹೊರತು ಅದರ ಜೊತೆ ಬದುಕಿರಲಿಲ್ಲ. ಹೊಳೆಯ ಬುದ್ಧಿಯನ್ನು ಪೆಟ್ಟಿಗೆಯಲ್ಲಿ ತುಂಬಿ ತರಲಾಗುವುದಿಲ್ಲ. ಆಯಾ ಊರಿನ ಹಿರಿಯರನ್ನು ಕೇಳಿಯೇ ಪಡೆಯಬೇಕು.

ಹೋಗಬೇಡಿ ಎಂದು ಇದನ್ನು ಬರೆದದ್ದಲ್ಲ. ಈ ಬೆಟ್ಟಗಳ ಕಾಡಿಗೆ 2021ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಎಂಬ ಮಾನ್ಯತೆ ದೊರೆತಿದೆ. ನಮ್ಮ ಮಕ್ಕಳು ಅದನ್ನು ನೋಡಬೇಕು. ಕೆಲವು ಮಾತು ನೆನಪಿಡಿ. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನದೊಳಗೆ ಹೊರಡಿ. ನೀರಿಗೆ ಇಳಿಯುವ ಮೊದಲು ಮೇಲೆ ಹತ್ತುವ ಹಾದಿ ನೋಡಿಟ್ಟುಕೊಳ್ಳಿ. ನೀರಿನ ಅಂಚಿನ ಒಂದು ಕಲ್ಲನ್ನು ಗುರುತಿಟ್ಟು, ದೊಡ್ಡವರೊಬ್ಬರು ದಂಡೆಯಲ್ಲಿಯೇ ಕುಳಿತು ಅದನ್ನು ನೋಡುತ್ತಿರಲಿ. ನೀರು ಕದಡಿದರೆ, ಎಲೆಕಡ್ಡಿ ಹೆಚ್ಚಿದರೆ, ಸದ್ದು ಬದಲಾದರೆ ಸಾಮಾನಿನ ಆಸೆ ಬಿಟ್ಟು ಮೇಲಕ್ಕೆ ಹತ್ತಿ. 'ಅವಾಸ್' ಎಂಬ ಫಲಕವಿದ್ದರೆ ಎಚ್ಚರಿಕೆ ಎಂದರ್ಥ. ಕುಡಿಯುವ ನೀರು ತೆಗೆಯುವಲ್ಲಿ ಬೇಲಿ ದಾಟಬೇಡಿ. ಗಾಯವಿದ್ದರೆ ನೀರಿಗೆ ಇಳಿಯಬೇಡಿ. ಮರಳಿದ ಮೇಲೆ ಎರಡು ಮೂರು ವಾರದೊಳಗೆ ಜ್ವರ ಬಂದರೆ ಹೊಳೆಗೆ ಹೋದದ್ದನ್ನು ವೈದ್ಯರಿಗೆ ಹೇಳಿ. 2010ರಲ್ಲಿ ಪಹಾಂಗ್ ರಾಜ್ಯದ ಲುಬುಕ್ ಯು ಎಂಬಲ್ಲಿ ಮುಳುಗಿದವನೊಬ್ಬನ ಹುಡುಕಾಟದಲ್ಲಿ ಪಾಲ್ಗೊಂಡವರಲ್ಲಿ ಎಂಟು ಮಂದಿ ಇಲಿಜ್ವರದಂಥ ಸೋಂಕಿನಿಂದ ತೀರಿಕೊಂಡರು. 'ಲುಬುಕ್' ಎಂದರೆ ನಮ್ಮ ಮಡುವೇ.

ಎರಡು ವಾರದ ನಂತರ ನಾನೂ ಮಗನೂ ಮತ್ತೆ ಹೋದೆವು, ಬೆಳಿಗ್ಗೆ ಎಂಟಕ್ಕೆ. ಆ ಹಿರಿಯನಿಗೆಂದು ಮನೆಯವರು ಕೊಬ್ಬರಿ ಮಿಠಾಯಿ ಮಾಡಿ ಕಳಿಸಿದ್ದರು. ತೋಟದಲ್ಲಿ ಸಿಕ್ಕ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಒಳಗಿನಿಂದ ನಮ್ಮ ಕ್ಯಾರಿಯರಿನ ಒಂದು ಡಬ್ಬಿಯನ್ನು ತಂದುಕೊಟ್ಟ. ಕೆಳಗೆ ಎಲ್ಲೋ ಬೇರಿಗೆ ಸಿಕ್ಕಿಕೊಂಡಿತ್ತಂತೆ. ಮಗ ನೀರಿಗೆ ಇಳಿಯುವ ಮೊದಲು ಬೆಟ್ಟದ ನೆತ್ತಿಯನ್ನು ನೋಡಿದ. ಆಮೇಲೆ ಆ ಮುದುಕನ ಮುಖವನ್ನು ನೋಡಿದ. ಮುದುಕ ತಲೆಯಾಡಿಸಿದ ಮೇಲೆಯೇ ಇಳಿದ.

ನಜ್ಜುಗುಜ್ಜಾದ ಆ ಡಬ್ಬಿ ಈಗ ನಮ್ಮ ಅಡಿಗೆಮನೆಯಲ್ಲಿದೆ. ಮುಚ್ಚಳ ಕೂರುವುದಿಲ್ಲ. ಸಂಘದ ಮುಂದಿನ ವನಭೋಜನಕ್ಕೆ ಅಲ್ಲಿಗೆ ಹೋಗುವುದಾದರೆ ದಾರಿ ತೋರಿಸಲು ನಾನು ಸಿದ್ಧ. ಕಲ್ಲು ನೋಡುತ್ತಾ ಕೂರುವ ಕೆಲಸವೂ ನನಗಿರಲಿ.